ಭೂತಾನ್ ಹಸಿ ಅಡಿಕೆ: ಕೋಟಾ ರದ್ದು ಬೇಡ, ತೂಕದ ಲೆಕ್ಕ ಕೊಡಿ

ಕೇಂದ್ರ ವಾಣಿಜ್ಯ ಮತ್ತು ಕೈಗಾರಿಕಾ ಸಚಿವರಿಗೆ ಹಾಗೂ ವಿದೇಶಿ ವ್ಯಾಪಾರ ಮಹಾನಿರ್ದೇಶಕರಿಗೆ (ಡಿಜಿಎಫ್‌ಟಿ), ನವದೆಹಲಿ
ಪ್ರತಿ: ಕರ್ನಾಟಕದ ಅಡಿಕೆ ಜಿಲ್ಲೆಗಳ ಸಂಸದರಿಗೆ

ಮಾನ್ಯರೇ,

ಭಾರತ ಮತ್ತು ಭೂತಾನ್ ನಡುವಿನ ವ್ಯಾಪಾರ, ವಾಣಿಜ್ಯ ಮತ್ತು ಸಾಗಣೆ ಒಪ್ಪಂದಕ್ಕೆ 2016ರ ನವೆಂಬರ್ 12ರಂದು ಸಹಿ ಬಿತ್ತು, 2017ರ ಜುಲೈ 29ರಿಂದ ಅದು ಜಾರಿಗೆ ಬಂತು. ಅವಧಿ ಹತ್ತು ವರ್ಷ. ಅಂದರೆ 2027ರ ಜುಲೈ ಕೊನೆಯೊಳಗೆ ಎರಡೂ ಸರ್ಕಾರಗಳು ಮತ್ತೆ ಮೇಜಿನ ಮುಂದೆ ಕೂರಬೇಕು. ಅಷ್ಟರಲ್ಲಿ ನಮ್ಮ ಕಡೆಯಿಂದ ಹಳೆಯ ಘೋಷಣೆ ಇನ್ನೊಮ್ಮೆ ಏಳುವುದು ಖಚಿತ: ‘ಭೂತಾನ್ ಅಡಿಕೆ ನಿಲ್ಲಿಸಿ’. ಅಡಿಕೆ ಬೆಳೆದು, ಬೇಯಿಸಿ, ಒಣಗಿಸಿ, ಮಂಡಿಯಲ್ಲಿ ಮಾರಿ ಬದುಕುವ ನಮ್ಮ ಬೇಡಿಕೆ ಅದಲ್ಲ. ಅಲ್ಲಿನ ಹಸಿ ಅಡಿಕೆಗೆ ಕೊಟ್ಟಿರುವ ವಾರ್ಷಿಕ ಕೋಟಾ ಇರಲಿ. ಆದರೆ ಅದರ ಜತೆ ಇರಬೇಕಾಗಿದ್ದ ಒಂದು ಅಂಕಿ, ಇಷ್ಟು ಹಸಿಗೆ ಇಷ್ಟು ಒಣ ಎಂಬುದು, ಆದೇಶದಲ್ಲಿ ಇಲ್ಲ. ಆ ಅಂಕಿ ಎಷ್ಟು, ಅದಿಲ್ಲದೆ ಏನು ಆಗಬಹುದು ಎಂದು ತಿಳಿಸುವುದಕ್ಕೆ ಈ ಪತ್ರ.

ಮೊದಲು ಈಗಿರುವ ನಿಯಮ. ವಿದೇಶಿ ಅಡಿಕೆಗೆ ಶೇ 100 ಮೂಲ ಆಮದು ಸುಂಕವಿದೆ. ಅದರ ಜತೆಗೆ ಕನಿಷ್ಠ ಆಮದು ಬೆಲೆ ಇದೆ. ಮೊದಲು ಕೆ.ಜಿ.ಗೆ 251 ರೂಪಾಯಿ ಇದ್ದದ್ದು 2023ರ ಫೆಬ್ರವರಿಯಲ್ಲಿ 351 ಆಯಿತು. ಸರಕಿನ ಬೆಲೆ, ವಿಮೆ, ಸಾಗಣೆ ಮೂರೂ ಸೇರಿ ಅದಕ್ಕಿಂತ ಕಡಿಮೆ ಬಂದರೆ ಆಮದು ನಿಷಿದ್ಧ. ಭೂತಾನಿಗೆ ಸುಂಕವಿಲ್ಲ, ಎರಡು ದೇಶಗಳ ನಡುವೆ ಮುಕ್ತ ವ್ಯಾಪಾರವಿದೆ. ಇನ್ನು ಕನಿಷ್ಠ ಬೆಲೆಯ ಮಾತು. 2022ರ ಸೆಪ್ಟೆಂಬರ್ 28ರ ಅಧಿಸೂಚನೆ ಭೂತಾನಿನಿಂದ ವರ್ಷಕ್ಕೆ 17,000 ಟನ್ ತಾಜಾ ಹಸಿರು ಅಡಿಕೆಯನ್ನು ಆ ಷರತ್ತಿಲ್ಲದೆ ತರಲು ಬಿಟ್ಟಿತು. ಡಿಜಿಎಫ್‌ಟಿಯ ನೋಂದಣಿ ಪ್ರಮಾಣಪತ್ರ ಪಡೆದವರು ಪಶ್ಚಿಮ ಬಂಗಾಳದ ಜೈಗಾಂವ್ ಭೂ ಕಸ್ಟಮ್ಸ್ ಠಾಣೆಯ ಮೂಲಕ ತರಬೇಕು ಎಂದು ಹೇಳಿತು.

ಆಗ ಇಲ್ಲಿ ಎದ್ದ ಗದ್ದಲದಲ್ಲಿ ಒಂದು ಸರಳ ಸಂಗತಿಯನ್ನು ಯಾರೂ ಹೇಳಲಿಲ್ಲ. 351 ಆಗಲಿ 251 ಆಗಲಿ, ಆ ಬೆಲೆ ಒಣ ಅಡಿಕೆಯನ್ನು ನೋಡಿ ನಿಗದಿ ಮಾಡಿದ್ದು. ಹಸಿ ಅಡಿಕೆಗೆ ಅದನ್ನು ಹಚ್ಚಿದರೆ ಅರ್ಥವೇ ಇಲ್ಲ. ರಾಶಿ (ಬೇಯಿಸಿ ಒಣಗಿಸಿದ ಕೆಂಪಡಿಕೆಯ ಒಂದು ದರ್ಜೆ) ಕ್ವಿಂಟಾಲಿಗೆ 50,000 ರೂಪಾಯಿ ಎಂದಿಟ್ಟುಕೊಳ್ಳಿ. ಒಂದು ಕ್ವಿಂಟಾಲ್ ಹಸಿಯಿಂದ ಹನ್ನೆರಡೂವರೆ ಕೆ.ಜಿ. ಕೆಂಪಡಿಕೆ ಸಿಕ್ಕರೆ ಅದರ ಬೆಲೆ 6,250 ರೂಪಾಯಿ. ಸುಲಿಯುವ, ಬೇಯಿಸುವ, ಒಣಗಿಸುವ ಖರ್ಚನ್ನು ಕಳೆಯುವ ಮುನ್ನವೇ ಹಸಿ ಅಡಿಕೆ ಕೆ.ಜಿ.ಗೆ ಅರವತ್ತೆರಡೂವರೆ ರೂಪಾಯಿ ದಾಟುವುದಿಲ್ಲ. ಅದನ್ನು 351ಕ್ಕೆ ಕೊಳ್ಳಿ ಎಂದರೆ ‘ಕೊಳ್ಳಬೇಡಿ’ ಎಂದೇ ಅರ್ಥ. ದಕ್ಷಿಣ ಭೂತಾನಿನ ಸಾಮ್ಚಿ, ಸರ್ಪಾಂಗ್ ಕಡೆಯ ರೈತನಿಗೆ ಬಾಗಿಲು ಮುಚ್ಚಿದ್ದು ಯಾರೋ ಬೇಕೆಂದು ಮುಚ್ಚಿದ್ದಲ್ಲ, ಒಣ ಅಡಿಕೆಗೆ ಹಾಕಿದ ಬೇಲಿಗೆ ಹಸಿ ಅಡಿಕೆಯೂ ಸಿಕ್ಕಿಬಿತ್ತು. ವಿನಾಯಿತಿ ಕೊಟ್ಟಿದ್ದು ಸರಿಯೇ.

ಇನ್ನು 17,000 ಟನ್ ಎಂಬ ಅಂಕಿ. ಕೇಳಿದರೆ ಎದೆ ಝಲ್ ಎನ್ನುತ್ತದೆ, ಏಕೆಂದರೆ ಅಡಿಕೆ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಮಂಡಿಯ ಚೀಲ. ಇದು ಚೀಲದ ಲೆಕ್ಕವಲ್ಲ, ಗೊನೆಯಿಂದ ಉದುರಿಸಿದ ಸಿಪ್ಪೆ ಸಮೇತದ ಕಾಯಿಯ ಲೆಕ್ಕ. ಹಸಿ ಕಾಯಿಯ ತೂಕದಲ್ಲಿ ಮೂರರಲ್ಲಿ ಎರಡು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಬರೀ ಸಿಪ್ಪೆ. ಒಳಗಿನ ತಿರುಳಿನಲ್ಲೂ ಬಹಳಷ್ಟು ನೀರು. ಶಿವಮೊಗ್ಗ, ಚನ್ನಗಿರಿ ಕಡೆ ಖೇಣಿ (ಮರದಲ್ಲಿರುವ ಫಸಲನ್ನು ಗುತ್ತಿಗೆ ಕೊಡುವುದು) ಮಾತಾಡುವಾಗ ಮೊದಲು ಇತ್ಯರ್ಥವಾಗುವುದೇ ಇದು: ಕ್ವಿಂಟಾಲ್ ಹಸಿಗೆ ಎಷ್ಟು ಕೆ.ಜಿ. ಒಣ? ಹನ್ನೆರಡು, ಹನ್ನೆರಡೂವರೆ, ಹದಿಮೂರು. ಕಾಯಿ ಎಳತಾದರೆ ಹನ್ನೊಂದಕ್ಕೂ ಇಳಿಯುತ್ತದೆ, ಚೆನ್ನಾಗಿ ಬಲಿತರೆ ಹದಿನಾಲ್ಕು ಮುಟ್ಟುತ್ತದೆ. ಅರ್ಧ ಕೆ.ಜಿ. ವ್ಯತ್ಯಾಸಕ್ಕೆ ಇಡೀ ತೋಟದ ಖೇಣಿ ಮುರಿದು ಬೀಳುವುದುಂಟು. ಹಣ್ಣಾಗಲು ಬಿಟ್ಟು ಅಂಗಳದಲ್ಲಿ ನಲವತ್ತು-ನಲವತ್ತೈದು ದಿನ ಬಿಸಿಲಿಗೆ ಹಾಕಿ ಚಾಲಿ ಮಾಡಿದರೆ ಇಳುವರಿ ಸ್ವಲ್ಪ ಮೇಲು, ಆದರೂ ನೂರಕ್ಕೆ ಇಪ್ಪತ್ತು ಕೆ.ಜಿ. ದಾಟುವುದು ಕಷ್ಟ.

ಆ ಲೆಕ್ಕದಲ್ಲಿ 17,000 ಟನ್ ಹಸಿ ಎಂದರೆ ಸುಮಾರು 2,125 ಟನ್ ಕೆಂಪಡಿಕೆ, ಎಲ್ಲವನ್ನೂ ಚಾಲಿ ಮಾಡಿದರೂ ಮೂರೂವರೆ ಸಾವಿರ ಟನ್ನಿನ ಒಳಗೆ. ದೇಶದ ಅಡಿಕೆ ಉತ್ಪಾದನೆ ಹತ್ತು ಲಕ್ಷ ಟನ್ ದಾಟಿದೆ, ಅದರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಕರ್ನಾಟಕದ್ದೇ. ಸಾವಿರಕ್ಕೆ ಎರಡೋ ಮೂರೋ ಪಾಲಿನ ಸರಕು ರಾಶಿಯ ದರವನ್ನು ಬೀಳಿಸುತ್ತದೆ ಎಂದರೆ ಮಂಡಿಯಲ್ಲಿ ಕೂತವರು ನಗುತ್ತಾರೆ. ಅದೂ ಅಲ್ಲದೆ ಆ ಹಸಿ ಅಡಿಕೆಯಲ್ಲಿ ಎಷ್ಟೋ ಪಾಲು ಒಣಗುವುದೇ ಇಲ್ಲ. ಅಸ್ಸಾಂ, ಮೇಘಾಲಯ, ಉತ್ತರ ಬಂಗಾಳದಲ್ಲಿ ಜನ ಹಸಿಯನ್ನೇ ಎಲೆಯೊಂದಿಗೆ ಜಗಿಯುತ್ತಾರೆ, ಹೂತಿಟ್ಟು ಹುಳಿಸಿಯೂ ತಿನ್ನುತ್ತಾರೆ. ಆ ಮಾರುಕಟ್ಟೆಗೂ ನಮ್ಮ ರಾಶಿ, ಬೆಟ್ಟೆ, ಹಸದಂಥ ದರ್ಜೆಗಳಿಗೂ ಸಂಬಂಧವೇ ಇಲ್ಲ. ದರ ಬೀಳುವುದು ಸುದ್ದಿಯಿಂದ. ಕೊಯ್ಲು ಶುರುವಾಗುವ ಹೊತ್ತಿಗೆ ‘ಭೂತಾನ್ ಅಡಿಕೆ ಬಂತಂತೆ’ ಎಂಬ ಮಾತು ಹುಟ್ಟುತ್ತದೆ, ಅದನ್ನು ಹಿಡಿದು ಕೊಳ್ಳುವವರು ಚೌಕಾಸಿ ಮಾಡುತ್ತಾರೆ, ಸಾಲದ ಕಂತಿಗೆ ಹೆದರಿದ ಸಣ್ಣ ಬೆಳೆಗಾರ ಕೊಟ್ಟುಬಿಡುತ್ತಾನೆ. ಈ ಮಾತಿಗೆ ಗಾಳಿ ಹಾಕುವುದರಲ್ಲಿ ನಮ್ಮ ರಾಜಕಾರಣಿಗಳ ಪಾಲೂ ಇದೆ ಎಂದು ಹೇಳದೆ ವಿಧಿಯಿಲ್ಲ.

ಹಾಗಾದರೆ ಅಪಾಯ ಎಲ್ಲಿದೆ? ಕಾಗದದಲ್ಲಿ.

ಅಧಿಸೂಚನೆ ಹಸಿಯ ತೂಕ ಹೇಳಿ ಸುಮ್ಮನಾಗಿದೆ. ಆ ಹಸಿಯಿಂದ ಎಷ್ಟು ಒಣ ಅಡಿಕೆ ಹೊರಬರಬಹುದು ಎಂದು ಎಲ್ಲೂ ಇಲ್ಲ. ಒಬ್ಬ ಆಮದುದಾರ ಜೈಗಾಂವಿನಲ್ಲಿ 100 ಟನ್ ಹಸಿ ತಂದ ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ನ ಆಮದು ದಾಖಲೆ) ಇಟ್ಟುಕೊಂಡಿದ್ದಾನೆ ಎಂದುಕೊಳ್ಳಿ. ಮೂರು ತಿಂಗಳ ನಂತರ ಅವನ ಗೋದಾಮಿನಲ್ಲಿ 100 ಟನ್ ಒಣ ಅಡಿಕೆ ಸಿಕ್ಕರೆ, ಪ್ರಶ್ನಿಸಿದ ಅಧಿಕಾರಿಗೆ ಅವನು ಅದೇ ಕಾಗದ ತೋರಿಸುತ್ತಾನೆ. ಅಡಿಕೆ, 100 ಟನ್, ಭೂತಾನ್ ಮೂಲ, ಸುಂಕ ಸೊನ್ನೆ. ಲೆಕ್ಕ ಸರಿ! ಅಡಿಕೆ ಬಲ್ಲವನಿಗೆ ಮಾತ್ರ ಗೊತ್ತು, ಆ ಕಾಗದ ಸುಮಾರು ಹದಿಮೂರು ಟನ್ ಕೆಂಪಡಿಕೆಗೆ ಸಾಕ್ಷಿ. ಉಳಿದ 87 ಟನ್ ಎಲ್ಲಿಂದ ಬಂತು? ಮ್ಯಾನ್ಮಾರ್ ಗಡಿಯ ಮಿಜೋರಾಂ ದಾರಿಯಿಂದ ಬಂದಿರಬಹುದು, ಇಂಡೋನೇಷ್ಯಾದ್ದು ಇರಬಹುದು. ಇಡೀ ಕೋಟಾವನ್ನು ಹೀಗೆ ಕೆ.ಜಿ.ಗೆ ಕೆ.ಜಿ. ಎಂದು ಬಳಸಿದರೆ ಸುಮಾರು 15,000 ಟನ್ ಬೇರೆ ದೇಶದ ಒಣ ಅಡಿಕೆಗೆ ಭೂತಾನಿನ ಹೆಸರು ಸಿಗುತ್ತದೆ. ಅದಕ್ಕೆ ಕೆ.ಜಿ.ಗೆ ಕನಿಷ್ಠ 351 ರೂಪಾಯಿ ಸುಂಕ ಬರಬೇಕಿತ್ತು, ಒಟ್ಟು 526 ಕೋಟಿ ರೂಪಾಯಿ. ಹೀಗೆಯೇ ನಡೆದಿದೆ ಎಂದು ನಾವು ಯಾರ ಮೇಲೂ ಆರೋಪ ಹೊರಿಸುತ್ತಿಲ್ಲ. ನಿಯಮ ಇದಕ್ಕೆ ಎಡೆ ಕೊಟ್ಟಿದೆ ಎನ್ನುವುದಷ್ಟೇ ನಮ್ಮ ಮಾತು.

ಜಿಎಸ್‌ಟಿ ಈ ಎಡೆಯನ್ನು ಇನ್ನಷ್ಟು ಅಗಲ ಮಾಡುತ್ತದೆ. ತಾಜಾ ಅಡಿಕೆಗೆ ತೆರಿಗೆ ಇಲ್ಲ, ಒಣ ಅಡಿಕೆಗೆ ಶೇ 5. ತೆರಿಗೆ ಇಲ್ಲದ ಸರಕಿನ ಜಾಡು ಹಿಡಿಯುವುದು ಕಷ್ಟ. ಗಡಿಯಿಂದ ಒಣಗಿಸುವ ಅಂಗಳದವರೆಗೆ ಹಸಿ ಅಡಿಕೆ ಹೆಚ್ಚು ಕಡಿಮೆ ಅನಾಮಧೇಯ. ಸಿಪ್ಪೆ ಕಳಚಿ ಒಣಗಿದ ಮೇಲೆ ಅದು ದೇಶಿ ಸರಕಾಗಿ ಬಿಲ್ ಪಡೆದು ನಾಗಪುರದ ಹಾದಿ ಹಿಡಿಯುತ್ತದೆ. ಅಲ್ಲಿ ಖರ್ರಾಕ್ಕೆ (ತಂಬಾಕು ಬೆರೆಸಿದ ಅಡಿಕೆ) ಬೇಕಾದದ್ದು ಅಗ್ಗದ ಅಡಿಕೆ, ಅದರ ಊರು ಯಾವುದೆಂದು ಕೇಳುವವರು ಕಡಿಮೆ.

ಗಡಿಯಲ್ಲೇ ತಡೆಯಬಹುದಲ್ಲವೇ ಎಂದರೆ, ತಡೆಯಬಹುದು, ಅದಕ್ಕೆ ಪ್ರಯೋಗಾಲಯವೂ ಬೇಡ. ಹತ್ತು ಟನ್ ಲಾರಿ ಎಂದುಕೊಂಡರೆ ವರ್ಷದ ಕೋಟಾ 1,700 ಲಾರಿ. ಕೊಯ್ಲಿನ ನಾಲ್ಕು ತಿಂಗಳಿಗೆ ಹಂಚಿದರೆ ದಿನಕ್ಕೆ ಹದಿನಾಲ್ಕು-ಹದಿನೈದು. ಪ್ರತಿ ಲಾರಿಯಿಂದ ನಾಲ್ಕೈದು ಚೀಲ, ಮೇಲಿನದ್ದಲ್ಲ, ತಳದ ಮತ್ತು ನಡುವಿನ ಚೀಲ ಬಿಚ್ಚಿಸಬೇಕು. ಹಸಿ ಕಾಯಿಯ ಸಿಪ್ಪೆ ಬಿಗಿಯಾಗಿರುತ್ತದೆ, ಉಗುರು ಒತ್ತಿದರೆ ರಸ ಬರುತ್ತದೆ. ಅಡಕತ್ತರಿಯಲ್ಲಿ ಸೀಳಿದರೆ ಎಳೆಯ ಕಾಯಿಯ ನಡುಭಾಗ ಮೆತ್ತಗೆ, ನೀರು ನೀರಾಗಿರುತ್ತದೆ. ಬಲಿತದ್ದಾದರೆ ಬಿಳಿ-ಕಂದು ಗೆರೆ ಮೂಡಿದ್ದರೂ ಕತ್ತಿಗೆ ಸಲೀಸಾಗಿ ಬಗ್ಗುತ್ತದೆ, ಬೆರಳಿಗೆ ಚೊಗರು ಅಂಟುತ್ತದೆ. ಒಣಗಿದ ಅಡಿಕೆ ‘ಟಕ್’ ಎಂದು ಒಡೆಯುತ್ತದೆ, ಕೈಯಲ್ಲಿ ಅಲ್ಲಾಡಿಸಿದರೆ ಸಿಪ್ಪೆಯೊಳಗೆ ತಿರುಳು ಕದಲುವ ಸದ್ದು ಕೇಳುತ್ತದೆ. ಎರಡನ್ನೂ ಒಂದೇ ಎಂದು ಸಾಧಿಸಲು ಯಾರಿಂದಲೂ ಆಗದು. ಇನ್ನೊಂದು ಗುರುತು ಕಾಲ. ಗೋಣಿಚೀಲಕ್ಕೆ ತುಂಬಿದ ಹಸಿ ಅಡಿಕೆ ಒಳಗೇ ಬಿಸಿಯಾಗಿ, ವಾರ-ಹತ್ತು ದಿನದಲ್ಲಿ ಸಿಪ್ಪೆ ಕಂದಿ ಬೂಸ್ಟು ಹಿಡಿಯುತ್ತದೆ. ಆದ್ದರಿಂದ ಭೂತಾನಿನ ಗಡಿ ಪಟ್ಟಣ ಫುಂಟ್‌ಶೋಲಿಂಗ್‌ನ ಹರಾಜು ಕಟ್ಟೆಯ ಚೀಟಿಗೂ ಜೈಗಾಂವ್ ಗೇಟಿನ ನಮೂದಿಗೂ ಇಪ್ಪತ್ತು ದಿನದ ಅಂತರವಿದ್ದರೆ, ಆ ಲಾರಿಯಲ್ಲಿ ಇರುವುದು ಹರಾಜಾದ ಅಡಿಕೆಯಲ್ಲ. ಭೂತಾನಿನ ಆಹಾರ ನಿಗಮ ಆಲೂಗಡ್ಡೆ, ಅಡಿಕೆಯ ಹರಾಜನ್ನು ಸಂಘಟಿತವಾಗಿ ನಡೆಸುತ್ತದೆ, ಆ ಚೀಟಿ ಕೇಳಿ ಪಡೆಯಲು ಅಡ್ಡಿಯೇನಿಲ್ಲ.

ಅಧಿಸೂಚನೆಯ ‘ತಾಜಾ (ಹಸಿರು)’ ಎಂಬ ಮಾತೂ ಸಾಲದು. ಹಣ್ಣಾದ, ಕಿತ್ತಳೆ ಬಣ್ಣಕ್ಕೆ ತಿರುಗಿದ ಕಾಯಿ ಇದರಲ್ಲಿ ಬರುತ್ತದೆಯೇ? ಗೇಟಿನಲ್ಲಿರುವ ಅಧಿಕಾರಿ ಇದನ್ನು ತನ್ನ ವಿವೇಚನೆಯಿಂದ ತೀರ್ಮಾನಿಸುವಂತೆ ಬಿಡಬಾರದು. ಇಳುವರಿಯಲ್ಲಿ ಹಣ್ಣಡಿಕೆ ಬೇರೆ, ಮೇಲಾಗಿ ಅದು ಮೊಳೆಯುತ್ತದೆ. ಬೀಜದಡಿಕೆಗೆ ನಾವು ಆರಿಸುವುದೇ ಪೂರ್ತಿ ಹಣ್ಣಾದ ಕಾಯನ್ನು.

ಇಲ್ಲಿ ರೋಗದ ಮಾತು ಬರುತ್ತದೆ. ಎಲೆಚುಕ್ಕಿ ರೋಗದಿಂದ ಮಲೆನಾಡಿನ ತೋಟಗಳು ಸೊರಗಿವೆ, ಕೊಳೆರೋಗಕ್ಕೆ ಪ್ರತಿ ಮಳೆಗಾಲ ಬೋರ್ಡೋ ದ್ರಾವಣ ಹೊಡೆದು ಹೊಡೆದು ಸಾಕಾಗಿದೆ, ಶೃಂಗೇರಿ-ಕೊಪ್ಪ ಭಾಗ ಹಳದಿ ಎಲೆ ರೋಗದಿಂದ ದಶಕಗಳಿಂದ ನರಳುತ್ತಿದೆ. ಇವನ್ನೆಲ್ಲ ಭೂತಾನ್ ತಂದಿತು ಎನ್ನುವುದು ಸುಳ್ಳು, ಇವು ಕೋಟಾ ಹುಟ್ಟುವ ಮೊದಲಿನಿಂದ ಇಲ್ಲಿವೆ. ಆದರೆ ಸಿಪ್ಪೆ ಸಮೇತದ ಹಸಿ ಕಾಯಿ ಶಿಲೀಂಧ್ರಕ್ಕೆ ಒಳ್ಳೆಯ ವಾಹನ. ಸಸ್ಯ ಸಂಪರ್ಕತಡೆಯ 2003ರ ಆದೇಶದಂತೆ ಗಡಿಯಲ್ಲಿ ಆರೋಗ್ಯ ಪ್ರಮಾಣಪತ್ರ ನೋಡಿದರೆ ಮುಗಿಯಲಿಲ್ಲ, ಆಮದಾದ ಹಸಿ ಅಡಿಕೆ ಸಿಪ್ಪೆಯೊಂದಿಗೆ ಕರ್ನಾಟಕ, ಕೇರಳದ ಅಡಿಕೆ ಜಿಲ್ಲೆಗಳಿಗೆ ಬರಕೂಡದು. ಬಂಗಾಳ, ಅಸ್ಸಾಂನಲ್ಲೇ ಸುಲಿದು ಸಂಸ್ಕರಿಸಲಿ. ಸಾಗಣೆ ಖರ್ಚು ನೋಡಿದರೆ ಯಾರೂ ತರುವುದಿಲ್ಲ ಎನ್ನಬಹುದು, ನೀರನ್ನೂ ಸಿಪ್ಪೆಯನ್ನೂ ಎರಡೂವರೆ ಸಾವಿರ ಕಿ.ಮೀ. ಹೊತ್ತು ತರುವವರು ದಡ್ಡರೇ ಸರಿ. ಹಾಗಿದ್ದ ಮೇಲೆ ನಿಷೇಧ ಬರೆಯುವುದರಿಂದ ಯಾರಿಗೂ ನಷ್ಟವಿಲ್ಲ.

ಇಲ್ಲಿಯವರೆಗೆ ಹಸಿಯ ಮಾತಾಯಿತು. ಗದ್ದಲದಲ್ಲಿ ಯಾರೂ ಗಮನಿಸದ ಇನ್ನೊಂದು ಬಾಗಿಲು ಇದೆ. ಭೂತಾನಿನ ಒಣ ಅಡಿಕೆಗೆ ಕೋಟಾ ಅನ್ವಯಿಸುವುದಿಲ್ಲ, ಕನಿಷ್ಠ ಬೆಲೆ ಮಾತ್ರ ಅನ್ವಯಿಸುತ್ತದೆ. ಬಿಲ್ಲಿನಲ್ಲಿ 351 ಅಥವಾ ಅದಕ್ಕಿಂತ ಹೆಚ್ಚು ತೋರಿಸಿದರೆ, ಅಕ್ಷರಶಃ ನಿಯಮದ ಪ್ರಕಾರ, ಪ್ರಮಾಣದ ಮಿತಿ ಇಲ್ಲ, ಸುಂಕವೂ ಇಲ್ಲ. ಬೇರೆ ದೇಶದ ಅಡಿಕೆಗೆ 351ರ ಮೇಲೆ ಇನ್ನೊಂದು 351 ಸುಂಕ ಸೇರಿ 702 ಆಗುತ್ತದೆ, ಅಲ್ಲಿ ಬೆಲೆಯನ್ನು ಏರಿಸಿ ಬರೆದರೆ ಸುಂಕವೂ ಏರುತ್ತದೆ, ಹಾಗಾಗಿ ಸುಳ್ಳಿಗೆ ಬೆಲೆ ತೆರಬೇಕು. ಸುಂಕ ಸೊನ್ನೆ ಇರುವಲ್ಲಿ ಸುಳ್ಳು ಪುಕ್ಕಟೆ. 200 ರೂಪಾಯಿಯ ಸರಕಿಗೆ 351 ಎಂದು ಬರೆದು, ಮಿಕ್ಕ 151 ಬೇರೆ ದಾರಿಯಲ್ಲಿ ಹಿಂತಿರುಗಿದರೆ ಹಿಡಿಯುವವರು ಯಾರು? ನಮ್ಮ ಸಂಸದರು 17,000 ಟನ್ನಿಗೆ ಸುರಿಸುವ ಬೆವರಿನಲ್ಲಿ ಅರ್ಧವನ್ನು ಇದಕ್ಕೆ ಸುರಿಸಿದರೆ ಬೆಳೆಗಾರರಿಗೆ ಉಪಕಾರವಾದೀತು. ಹುರಿದ ಅಡಿಕೆ ಎಂಬ ಹೆಸರಿನಲ್ಲಿ ಬೇರೆ ಶೀರ್ಷಿಕೆಯಡಿ ಬರುತ್ತಿದ್ದ ಸರಕಿಗೆ 2025ರ ಏಪ್ರಿಲ್‌ನಲ್ಲಿ ಇಲಾಖೆ ಇದೇ 351ರ ಬೇಲಿ ಹಾಕಿದ್ದು ಒಳ್ಳೆಯ ಕೆಲಸ. ಸುಂಕವಿಲ್ಲದ ಮೂಲಗಳಿಗೆ ಬೆಲೆಯ ಬೇಲಿಯೊಂದೇ ಸಾಲದು, ಮೂಲದ ಪರಿಶೀಲನೆ ಬೇಕು.

ಮೂಲದ ಪರಿಶೀಲನೆ ಭೂತಾನಿನ ವಿಚಾರದಲ್ಲಿ ಸುಲಭ, ಕಾರಣ ಭೂಗೋಳ. ಉತ್ತರಕ್ಕೆ ಹಿಮಾಲಯ, ಉಳಿದ ಮೂರು ದಿಕ್ಕಿಗೂ ನಾವು. ಇಂಡೋನೇಷ್ಯಾದ ಅಡಿಕೆ ಭೂತಾನ್ ತಲುಪಬೇಕಾದರೂ ಕೋಲ್ಕತ್ತಾದಂಥ ಬಂದರಿನಲ್ಲಿ ಇಳಿದು ನಮ್ಮ ರಸ್ತೆಯಲ್ಲೇ ಸಾಗಬೇಕು. ಆ ಸಾಗಣೆಯ ದಾಖಲೆ ನಮ್ಮದೇ ಕಸ್ಟಮ್ಸ್ ಬಳಿ ಇರುತ್ತದೆ. ವರ್ಷಕ್ಕೊಮ್ಮೆ ಎರಡು ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿ: ನಮ್ಮ ನೆಲ ದಾಟಿ ಭೂತಾನಿಗೆ ಹೋದ ಅಡಿಕೆ ಎಷ್ಟು, ಭೂತಾನಿನಿಂದ ಬಂದದ್ದು ಎಷ್ಟು. ಅರ್ಧ ದಿನದ ಕೆಲಸ.

ಕೋಟಾವನ್ನೇ ಕಿತ್ತು ಹಾಕಿ ಎನ್ನುವವರಿಗೆ ಒಂದು ಮಾತು. ಭೂತಾನಿನ ಜನಸಂಖ್ಯೆ ಎಂಟು ಲಕ್ಷದೊಳಗೆ, ಶಿವಮೊಗ್ಗ ಜಿಲ್ಲೆಯ ಅರ್ಧದಷ್ಟೂ ಇಲ್ಲ. ಆ ದೇಶದ ವ್ಯಾಪಾರದಲ್ಲಿ ಬಹುಪಾಲು ನಮ್ಮೊಂದಿಗೇ ನಡೆಯುತ್ತದೆ. ಅವರ ನ್ಗುಲ್ಟ್ರಮ್ ನಮ್ಮ ರೂಪಾಯಿಗೆ ಸಮಕ್ಕೆ ಸಮ ಕಟ್ಟಿಕೊಂಡಿದೆ. ಡೀಸೆಲ್, ವಾಹನ, ಅಕ್ಕಿ ನಮ್ಮಿಂದ ಹೋಗುತ್ತವೆ, ಅಲ್ಲಿಂದ ವಿದ್ಯುತ್, ಫೆರೋಸಿಲಿಕಾನ್, ಡೋಲೊಮೈಟ್ ಬರುತ್ತವೆ. ಜಲವಿದ್ಯುತ್ತಿನ ಹಣ ಸರ್ಕಾರದ ಬೊಕ್ಕಸಕ್ಕೆ ಸೇರುತ್ತದೆ, ಹಳ್ಳಿಯವನ ಜೇಬಿಗೆ ಬೀಳುವುದು ಆಲೂಗಡ್ಡೆ, ಕಿತ್ತಳೆ, ಏಲಕ್ಕಿ, ಅಡಿಕೆಯ ಹಣ. 2023ರ ಜುಲೈನಲ್ಲಿ ನಾವು ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದಾಗ ಭೂತಾನಿಗೆಂದು 79,000 ಟನ್ ಪ್ರತ್ಯೇಕವಾಗಿ ಬಿಡಬೇಕಾಯಿತು, ದೆಹಲಿಯ ಒಂದು ಅಧಿಸೂಚನೆ ಅಲ್ಲಿನ ಅಡುಗೆಮನೆಯವರೆಗೆ ಮುಟ್ಟುತ್ತದೆ. ಅದೇ ವರ್ಷ ಡಿಸೆಂಬರ್ 13ಕ್ಕೆ ಭೂತಾನ್ ವಿಶ್ವಸಂಸ್ಥೆಯ ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಹೊರಬಂತು. ಆ ಪಟ್ಟಿಯಲ್ಲಿದ್ದವರಿಗೆ ದೂರದ ಮಾರುಕಟ್ಟೆಗಳಲ್ಲಿ ಸಿಗುವ ರಿಯಾಯಿತಿ ಮುಂದೆ ಕರಗುತ್ತದೆ, ಹತ್ತಿರದ ಮಾರುಕಟ್ಟೆಯ ಮೇಲೆ ಅವಲಂಬನೆ ಹೆಚ್ಚುತ್ತದೆ. ಹಸಿ ಅಡಿಕೆಯ ಕೋಟಾ ತೆಗೆದರೆ ನಮಗೆ ಆಗುವ ಲಾಭ ಸಾವಿರಕ್ಕೆ ಮೂರು ಪಾಲು. ಗಡಿಯಾಚೆಯ ಬೆಳೆಗಾರ ಮಾತ್ರ ಬೆಳೆದದ್ದನ್ನು ರಾತ್ರಿ ಹೊತ್ತು ನದಿ ದಾಟಿಸುವವರ ಕೈಗೆ ಕೊಡಬೇಕಾಗುತ್ತದೆ, ಆಮೇಲೆ ಅದಕ್ಕೆ ಕಾಗದವೂ ಇಲ್ಲ, ತೂಕವೂ ಇಲ್ಲ.

ಆದ್ದರಿಂದ ಒಪ್ಪಂದ ನವೀಕರಣಕ್ಕೆ ಕಾಯದೆ, ಡಿಜಿಎಫ್‌ಟಿ ತನ್ನ ಅಧಿಕಾರದಲ್ಲೇ ಮಾಡಬಹುದಾದದ್ದನ್ನು ಈಗಲೇ ಮಾಡಲಿ. ರಫ್ತುದಾರರಿಗೆ ಸುಂಕವಿಲ್ಲದ ಕಚ್ಚಾ ಸರಕು ಕೊಡುವಾಗ, ಇಂತಿಷ್ಟು ಕಚ್ಚಾ ಸರಕಿಗೆ ಇಂತಿಷ್ಟು ಸಿದ್ಧ ಸರಕು ಎಂಬ ಮಾನದಂಡಗಳನ್ನು ಇದೇ ಇಲಾಖೆ ಸಾವಿರಾರು ವಸ್ತುಗಳಿಗೆ ಬರೆದಿಟ್ಟಿದೆ. ಭೂತಾನ್ ಹಸಿ ಅಡಿಕೆಯ ಪ್ರತಿ ನೋಂದಣಿ ಪ್ರಮಾಣಪತ್ರದ ಮೇಲೂ ಅಂಥದ್ದೇ ಒಂದು ಸಾಲು ಮುದ್ರಿಸಿ: ‘ಈ ಪ್ರಮಾಣಪತ್ರವು 100 ಕೆ.ಜಿ. ಹಸಿಗೆ ಹೆಚ್ಚೆಂದರೆ ಇಷ್ಟು ಕೆ.ಜಿ. ಬೇಯಿಸಿದ ಅಡಿಕೆಗೆ, ಅಥವಾ ಇಷ್ಟು ಕೆ.ಜಿ. ಚಾಲಿಗೆ ಮಾತ್ರ ಮೂಲದ ದಾಖಲೆ.’ ಜತೆಗೆ ಗೇಟ್ ದಾಟಿದ ದಿನದಿಂದ 120 ದಿನಗಳಾಚೆ ಆ ಕಾಗದಕ್ಕೆ ಬೆಲೆ ಇರಬಾರದು. ಬೇಯಿಸಿ ಒಣಗಿಸಲು ಎರಡು ವಾರ, ಚಾಲಿಗಾದರೆ ಒಂದೂವರೆ ತಿಂಗಳು ಸಾಕು, ಮಾರಲು ಉಳಿದ ಕಾಲ ಧಾರಾಳ. ತೆರಿಗೆ ಸೊನ್ನೆಯೇ ಇರಲಿ, ಆಮದಾದ ಹಸಿಗೆ ಗಡಿಯಿಂದ ಸಂಸ್ಕರಣೆಯ ಅಂಗಳದವರೆಗೆ ಇ-ವೇ ಬಿಲ್ ಕಡ್ಡಾಯವಾಗಲಿ, ಅದರಲ್ಲಿ ಬಿಲ್ ಆಫ್ ಎಂಟ್ರಿ ಸಂಖ್ಯೆ ಇರಲಿ. ವೇಬ್ರಿಜ್ ಚೀಟಿ ಖಾಲಿ ಲಾರಿಯದ್ದೂ ತುಂಬಿದ್ದರದ್ದೂ ಎರಡೂ ಬೇಕು.

ಪ್ರತಿ ತಿಂಗಳು ಐದನೇ ತಾರೀಖಿನೊಳಗೆ ಕೋಟಾದಲ್ಲಿ ಎಷ್ಟು ಟನ್ ಬಳಕೆಯಾಯಿತು, ಎಷ್ಟು ಲಾರಿ, ಸರಾಸರಿ ಬೆಲೆ ಎಷ್ಟು ಎಂದು ಜಾಲತಾಣದಲ್ಲಿ ಪ್ರಕಟಿಸಿ. ಕನ್ನಡದಲ್ಲೂ ಹಾಕಿದರೆ ಇನ್ನೂ ಒಳ್ಳೆಯದು. ಅಕ್ಟೋಬರ್‌ನಲ್ಲಿ ‘ಭೂತಾನ್ ಅಡಿಕೆ ಬಂತಂತೆ’ ಎಂದು ಚೌಕಾಸಿ ಶುರುವಾದಾಗ, ಬೆಳೆಗಾರ ಫೋನ್ ತೆಗೆದು ‘ಹೋದ ತಿಂಗಳು ಬಂದದ್ದು ಇಷ್ಟು, ಒಣ ಲೆಕ್ಕದಲ್ಲಿ ಇಷ್ಟೇ’ ಎಂದು ತೋರಿಸುವಂತಾಗಬೇಕು.

ಪರಿವರ್ತನೆಯ ಅಂಕಿಯ ಬಗ್ಗೆ ನಮ್ಮ ಹನ್ನೆರಡು-ಹದಿಮೂರನ್ನು ಕಣ್ಣುಮುಚ್ಚಿ ಒಪ್ಪಿ ಎನ್ನುತ್ತಿಲ್ಲ. ಅಲ್ಲಿನ ಕಾಯಿಯ ಗಾತ್ರ, ಸಿಪ್ಪೆಯ ದಪ್ಪ ಬೇರೆ ಇರಬಹುದು. ಮುಂದಿನ ಕೊಯ್ಲಿನಲ್ಲಿ ಜೈಗಾಂವಿನಲ್ಲಿ ಇಳಿದ ಬೇರೆ ಬೇರೆ ಲಾರಿಗಳಿಂದ ಐದು ಕ್ವಿಂಟಾಲ್ ತೆಗೆಯಿರಿ. ವಿಟ್ಲದ ಸಿಪಿಸಿಆರ್‌ಐ (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳನ್ನೂ ಭೂತಾನಿನ ಕೃಷಿ ಇಲಾಖೆಯವರನ್ನೂ ಅಲ್ಲಿಗೇ ಕರೆಸಿ, ಅವರ ಎದುರಿನಲ್ಲೇ ಸುಲಿಸಿ, ಅರ್ಧ ಬೇಯಿಸಿ, ಅರ್ಧ ಒಣಗಲು ಬಿಟ್ಟು ತೂಗಿಸಿ. ಸುಲಿಯಲು, ಬೇಯಿಸಲು ಕೈ ಪಳಗಿದವರನ್ನು ನಮ್ಮ ಖರ್ಚಿನಲ್ಲಿ ಕಳಿಸುತ್ತೇವೆ. ಬಂದ ಅಂಕಿಗೆ ಅರ್ಧ ಕೆ.ಜಿ. ರಿಯಾಯಿತಿ ಸೇರಿಸಿ ಎರಡೂ ಕಡೆಯವರ ಸಹಿ ಹಾಕಿಸಿ. ಅದೇ ಅಂಕಿ 2027ರ ಒಪ್ಪಂದದ ಅನುಬಂಧಕ್ಕೂ ಹೋಗಲಿ.

ಇತಿ,
ಮಲೆನಾಡು ಮತ್ತು ಕರಾವಳಿಯ ಕೆಲವು ಅಡಿಕೆ ಬೆಳೆಗಾರರು, ಖೇಣಿದಾರರು, ಮಂಡಿ ವರ್ತಕರು